ಮೀಡಿಯಂ ಯಾವುದ್ರಿ ಅಕ್ಕಾರ?

ಮಗಳ ಸಿಇಟಿ ಅರ್ಜಿ ತುಂಬಿಸಲು ಹುಬ್ಬಳ್ಳಿ ನವನಗರದ ಒಂದು ಸೈಬರ್ ಸೆಂಟರ್‌ಗೆ ಹೋಗಿದ್ದೆವು. ಆಧಾರ್, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಎಲ್ಲ ಸಲೀಸಾಗಿ ಹೋಯಿತು. ಆಮೇಲೆ ಕಂಪ್ಯೂಟರ್ ಮುಂದಿನ ಹುಡುಗ ಕೇಳಿದ: ‘ಮೀಡಿಯಂ ಯಾವುದ್ರಿ ಅಕ್ಕಾರ? ಒಂದರಿಂದ ಹತ್ತರ ತನಕ ಕನ್ನಡ ಏನು?’

‘ಅದು ಹಂಗಲ್ಲಪಾ’ ಅಂದೆ. ‘ನಾಲ್ಕರ ತನಕ ಕನ್ನಡ. ಆದ್ರ ಗಣಿತ ಎರಡರಾಗೂ ಇತ್ತು. ಐದರಿಂದ ಇಂಗ್ಲಿಷ್. ಆದ್ರ ಪಾಠ ಹೇಳೋದು...’

ನಮ್ಮ ಹಿಂದೆ ಇನ್ನೂ ಆರು ಮಂದಿ ನಿಂತಿದ್ದರು. ‘ಹೌದೋ ಅಲ್ಲೋ, ಅಷ್ಟ ಹೇಳ್ರಿ.’

‘ಅಲ್ಲ ಅಂತ ಹಾಕ್ರಿ ಅಣ್ಣಾ’ ಅಂದಳು ಮಗಳು. ಅಷ್ಟೇ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಸೀಟು ಇರುತ್ತವೆ. ಅದರಲ್ಲಿ ನಾವಿಲ್ಲ. ಬೇಜಾರೇನೂ ಆಗಲಿಲ್ಲ. ಆದರೆ ಎಲ್‌ಕೆಜಿಯಿಂದ ಹತ್ತನೇ ತರಗತಿವರೆಗೆ ಹನ್ನೆರಡು ವರ್ಷ ‘ದ್ವಿಭಾಷಾ ಶಾಲೆ’ ಅಂತ ಬೋರ್ಡ್ ಹಾಕಿದ್ದ ಕಡೆ ಓದಿದ ಹುಡುಗಿ ಅವಳು. ಆ ಮಾತನ್ನು ಬರೆಯೋಕೆ ಯಾವ ಅರ್ಜಿಯಲ್ಲೂ ಜಾಗ ಇಲ್ಲ ಅಂತ ಅವತ್ತು ಸರಿಯಾಗಿ ಗೊತ್ತಾಯಿತು.

ಆ ಹನ್ನೆರಡು ವರ್ಷ ಹೇಗೆ ನಡೆಯಿತು ಅಂತ ಬರೆಯುತ್ತಿದ್ದೇನೆ. ಮಗುವಿಗೆ ಎರಡೂ ಭಾಷೆ ಬರಲಿ ಅಂತ ಈಗ ಶಾಲೆ ಹುಡುಕುತ್ತಿರುವ ಪಾಲಕರಿಗೆ ಏನಾದರೂ ಸಿಕ್ಕರೆ ಸಿಗಲಿ.

ನಾನು ನವಲಗುಂದ ತಾಲ್ಲೂಕಿನ ಹಳ್ಳಿಯವಳು. ಸರಕಾರಿ ಸಾಲಿ. ಎಬಿಸಿಡಿ ಕಂಡಿದ್ದು ಐದನೇ ಇಯತ್ತೆಯಲ್ಲಿ. ಧಾರವಾಡದಲ್ಲಿ ಬಿಎ ಮಾಡುವಾಗ ಲೈಬ್ರರಿಯಲ್ಲಿ ಇಂಗ್ಲಿಷ್ ಪುಸ್ತಕ ತೆಗೆದು ಎರಡು ಪುಟ ತಿರುವಿ ವಾಪಸ್ ಇಡುತ್ತಿದ್ದೆ. ಆ ಸಂಕಟ ಮಗಳಿಗೆ ಬೇಡ ಅಂತಿತ್ತು. ನಮ್ಮ ಯಜಮಾನರು ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅಲ್ಲಿ ತೆಲುಗು, ತಮಿಳು, ಹಿಂದಿ, ಉರ್ದು ಎಲ್ಲ ನಡೆಯುತ್ತೆ. ‘ಭಾಷೆ ತಾನಾಗೇ ಬರತೈತಿ, ನೀ ಯಾಕ ಇಷ್ಟು ತಲಿ ಕೆಡಿಸ್ಕೋತಿ’ ಅನ್ನುತ್ತಿದ್ದರು. ಅವರಿಗೆ ಬಂದಿತ್ತು, ನಿಜ. ಆದರೆ ಅವರು ಭಾಷೆ ಕಲಿತಿದ್ದು ನಟ್ಟು ಬೋಲ್ಟು ಕೈಯಲ್ಲಿ ಹಿಡಿದು. ಪರೀಕ್ಷೆ ಬರೆದಲ್ಲ.

2012ರ ಬೇಸಿಗೆಯಲ್ಲಿ ಆ ಶಾಲೆಯ ಅರ್ಜಿಗೆ ಬೆಳಗ್ಗೆ ಐದೂವರೆಗೆ ಪಾಳಿ ಹಚ್ಚಿದೆ. ಆಮೇಲೆ ನಮ್ಮಿಬ್ಬರನ್ನೂ ಮಗುವನ್ನೂ ಕೂಡಿಸಿ ‘ಪರಿಚಯ’ ಮಾಡಿಕೊಂಡರು. ಮಗುವಿಗೆ ಬಣ್ಣದ ಕಾರ್ಡ್ ತೋರಿಸಿದರು. ನನಗೆ ‘ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡೋರು ಯಾರು?’ ಅಂತ ಕೇಳಿದರು. ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಹೀಗೆ ಪರೀಕ್ಷೆ ಮಾಡಿ ಸೀಟು ಕೊಡಬಾರದು, ಡೊನೇಷನ್ ತಗೋಬಾರದು ಅಂತ 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ಹೇಳುತ್ತದೆ. ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಗೊತ್ತಿದ್ದರೂ ಅವತ್ತು ಬಾಯಿ ಬಿಡುತ್ತಿರಲಿಲ್ಲ ಬಿಡಿ. ಫೀ 14 ಸಾವಿರಕ್ಕೆ ರಸೀದಿ ಕೊಟ್ಟರು. ಮೇಲಿನ ಹತ್ತು ಸಾವಿರಕ್ಕೆ ಕೊಡಲಿಲ್ಲ.

ನಮ್ಮ ಓಣಿಯ ಆಟೋ ಓಡಿಸುವವರ ಮಗನಿಗೆ ಮರುವರ್ಷ ಅದೇ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಕ್ಕಿತು. ಖಾಸಗಿ ಶಾಲೆಯಲ್ಲಿ ನೂರಕ್ಕೆ 25 ಸೀಟು ಅಂಥ ಮನೆಯ ಮಕ್ಕಳಿಗೆ ಇರಬೇಕು ಅನ್ನೋ ನಿಯಮದಲ್ಲಿ. ಅವನ ತಮ್ಮನ ಹೊತ್ತಿಗೆ ಅದು ಇಲ್ಲವಾಯಿತು. ಹತ್ತಿರದಲ್ಲಿ ಸರಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಿಲ್ಲ ಅಂತ 2019ರಲ್ಲಿ ರಾಜ್ಯದ ನಿಯಮ ಬದಲಾಯಿತಲ್ಲ. ಊರಿನಲ್ಲಿ ಸರಕಾರಿ ಸಾಲಿ ಇಲ್ಲದ ಓಣಿ ಎಲ್ಲಿದೆ? ಒಂದೇ ಮನೆಯಲ್ಲಿ ಅಣ್ಣ ಒಂದು ಶಾಲೆ, ತಮ್ಮ ಒಂದು ಶಾಲೆ.

ಎಲ್‌ಕೆಜಿ ಚೆನ್ನಾಗಿಯೇ ಇತ್ತು. ಹಾಡು, ಮಣ್ಣು, ಆಟ. ಯುಕೆಜಿಯಲ್ಲಿ ಪಾಲಕರ ಸಭೆ ಕರೆದು, ಮನೆಯಲ್ಲಿ ಇಂಗ್ಲಿಷ್ ಮಾತಾಡಿ, ಇಲ್ಲಾಂದ್ರೆ ಮಗು ಹಿಂದೆ ಬೀಳುತ್ತೆ ಅಂದರು. ನಾನು ಪ್ರಾಮಾಣಿಕಳು, ಮನೆಗೆ ಬಂದ ಕೂಡಲೇ ಶುರು ಮಾಡಿದೆ. ‘ಕಮ್.’ ‘ಈಟ್.’ ‘ವಾಷ್ ಯುವರ್ ಹ್ಯಾಂಡ್ಸ್.’ ‘ಸ್ಲೀಪ್ ನೌ.’ ಆರು ತಿಂಗಳು ಹೀಗೇ ನಡೆಯಿತು. ನನ್ನ ಹತ್ತಿರ ಇದ್ದ ಇಂಗ್ಲಿಷ್‌ನಲ್ಲಿ ಹುಕುಂ ಮಾತ್ರ ಇದ್ದವು. ಕತೆ ಇರಲಿಲ್ಲ. ಮುದ್ದು ಮಾಡೋಕೆ ಮಾತಿರಲಿಲ್ಲ, ಬೈಯೋಕೂ ಇರಲಿಲ್ಲ. ಮಗಳು ಸಂಜೆ ಆದರೆ ನನ್ನ ಬಿಟ್ಟು ನಮ್ಮತ್ತೆಯ ಮಗ್ಗಲಲ್ಲಿ ಹೋಗಿ ಕೂರತೊಡಗಿದಳು. ನಮ್ಮತ್ತೆ ಒಂದು ದಿನ ರೊಟ್ಟಿ ಬಡಿಯುತ್ತಾ, ‘ಏನವಾ, ಕೂಸಿನ ಕೂಡ ಪೊಲೀಸರ ಗತೆ ಮಾತಾಡ್ತಿಯಲ್ಲ’ ಅಂದರು. ಅವತ್ತಿಗೆ ಬಿಟ್ಟೆ. ‘ಮಮ್ಮಿ’ ಅನ್ನೋದು ಮಾತ್ರ ಉಳಿಯಿತು. ಅದನ್ನು ಈಗ ಬದಲಾಯಿಸೋಕೆ ಆಗಲ್ಲ.

ಮಗ್ಗಿ ಕಲಿಸಿದ್ದೂ ನಮ್ಮತ್ತೆಯೇ. ಮಕ್ಕಳು ಅವರನ್ನು ಆಯಿ ಅನ್ನುತ್ತಾರೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವರು. ಆದರೆ ಇಪ್ಪತ್ತರ ತನಕ ಮಗ್ಗಿ, ಮೇಲೆ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿ ಎಲ್ಲ ಬಾಯಲ್ಲಿ. ಶಾಲೆಯಲ್ಲಿ ‘ಟೂ ಟೂಸ್ ಆರ್ ಫೋರ್’ ನಡೆಯುತ್ತಿತ್ತು, ಮನೆಯಲ್ಲಿ ‘ಎರಡೆರಡ್ಲೆ ನಾಕು.’ ಗೊಂದಲ ಆಗುತ್ತೇನೋ ಅಂದುಕೊಂಡಿದ್ದೆ, ಆಗಲಿಲ್ಲ. ಇಪ್ಪತ್ತೊಂದು ಅಂದರೆ ಇಪ್ಪತ್ತು ಮೊದಲು, ಒಂದು ಆಮೇಲೆ. ಟ್ವೆಂಟಿ ಒನ್ ಕೂಡ ಹಾಗೇ. ನಮ್ಮ ಪಕ್ಕದ ಮನೆಯ ಉರ್ದು ಮಾತಾಡುವ ಹುಡುಗನಿಗೆ ‘ಇಕ್ಕೀಸ್’ ಒಂದು ಕಡೆ, ಟ್ವೆಂಟಿ ಒನ್ ಇನ್ನೊಂದು ಕಡೆ ಎಳೆಯುತ್ತಿತ್ತು. ಆ ವಿಷಯದಲ್ಲಿ ಕನ್ನಡದ ಮಕ್ಕಳು ಪುಣ್ಯ ಮಾಡಿದ್ದಾರೆ.

2014ರ ಜೂನ್‌ನಲ್ಲಿ ಅವಳು ಒಂದನೇ ತರಗತಿಗೆ ಹೋದಳು. ಅದೇ ವರ್ಷ ಮೇ 6ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು. ಒಂದರಿಂದ ನಾಲ್ಕರವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂತ 1994ರಲ್ಲಿ ಸರಕಾರ ಮಾಡಿದ್ದ ಆದೇಶ ನಿಲ್ಲುವುದಿಲ್ಲ, ಮಾಧ್ಯಮ ಆರಿಸೋದು ತಂದೆತಾಯಿಯ ಹಕ್ಕು ಅಂತ. ಶಾಲೆಯವರು ಪಾಲಕರ ಸಭೆ ಕರೆದರು. ಅಷ್ಟು ಜನ ನಾನು ಆ ಹಾಲ್‌ನಲ್ಲಿ ಮತ್ತೆಂದೂ ನೋಡಲಿಲ್ಲ.

ಅಲ್ಲೇ ನಮಗೆ ನಿಜ ಗೊತ್ತಾಗಿದ್ದು. ‘ದ್ವಿಭಾಷಾ’ ಅನ್ನೋದು ಬೋರ್ಡಿನ ಮೇಲೆ ಮಾತ್ರ. ಇಲಾಖೆಯ ಪರವಾನಗಿ ಇದ್ದದ್ದು ಒಂದರಿಂದ ನಾಲ್ಕು ಕನ್ನಡ ಮಾಧ್ಯಮ, ಐದರಿಂದ ಇಂಗ್ಲಿಷ್ ಮಾಧ್ಯಮ. ಸಂಸ್ಥೆಯ ಅಧ್ಯಕ್ಷರು ಸ್ವಲ್ಪ ಅಂಜುತ್ತಲೇ ಹೇಳಿದರು: ‘ಪಾಲಕರ, 2006ರಾಗ ಏನಾತು ನೆನಪೈತಿಲ್ಲ? ಪರವಾನಗಿ ಕನ್ನಡದ್ದು ತಗೊಂಡು ಇಂಗ್ಲಿಷ್‌ನಾಗ ಕಲಿಸ್ತಾರ ಅಂತ ಎರಡು ಸಾವಿರಕ್ಕೂ ಜಾಸ್ತಿ ಸಾಲಿ ಮಾನ್ಯತೆ ತಗದಿದ್ರು. ನಾವು ಹುಷಾರಿಲೆ ಹೋಗಬೇಕು.’ ಆಮೇಲೆ, ಈಗ ತೀರ್ಪು ಬಂದಿದೆ, ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬೇಕು ಅನ್ನೋರು ಕೈ ಎತ್ತಿ ಅಂದರು.

ಕೈಗಳ ಕಾಡೇ ಎದ್ದಿತು. ನನ್ನದೂ ಇತ್ತು, ಸುಳ್ಳು ಯಾಕೆ ಹೇಳಲಿ.

ಒಬ್ಬ ರಿಟೈರ್ಡ್ ಮಾಸ್ತರರು, ಯಾರದೋ ಅಜ್ಜ, ಎದ್ದು ನಿಂತರು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದಾಗ ಇಲ್ಲಿ ಶಾಲೆ, ಕಚೇರಿ ಎಲ್ಲ ಕಡೆ ಮರಾಠಿ ಹೇಗೆ ಕೂತಿತ್ತು, ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಎಷ್ಟು ಓಡಾಡಿದರು, 1890ರಲ್ಲಿ ವಿದ್ಯಾವರ್ಧಕ ಸಂಘ ಯಾಕೆ ಹುಟ್ಟಿತು, ಎಲ್ಲ ಹೇಳತೊಡಗಿದರು. ಹಿಂದಿನಿಂದ ಯಾರೋ ‘ಅಜ್ಜಾರ, ನಿಮ್ಮ ಮೊಮ್ಮಗ ಯಾವ ಸಾಲಿಗೆ ಹೋಗ್ತಾನ್ರಿ?’ ಅಂದರು. ನಗು. ಮಾಸ್ತರರು ‘ಇದ ಸಾಲಿಗೆ’ ಅಂತ ಹೇಳಿ ಕೂತರು. ಆ ನಗುವಿನಲ್ಲಿ ನಾನೂ ಇದ್ದೆ. ಈಗ ನೆನೆದರೆ ಒಂಥರಾ ಆಗುತ್ತೆ.

ಪೂರ್ತಿ ಇಂಗ್ಲಿಷ್ ಮುಂದಿನ ಬ್ಯಾಚಿನಿಂದ ಅಂತ ತೀರ್ಮಾನವಾಯಿತು. ಹಾಗಾಗಿ ನನ್ನ ಮಗಳದು ಹಳೇ ಪದ್ಧತಿಯ ಕೊನೆಯ ಬ್ಯಾಚ್. ಕನ್ನಡ, ಪರಿಸರ ಅಧ್ಯಯನ ಕನ್ನಡದಲ್ಲಿ. ಗಣಿತಕ್ಕೆ ಎರಡು ಪುಸ್ತಕ, ಸರಕಾರದ್ದು ಕನ್ನಡದಲ್ಲಿ, ಖಾಸಗಿ ಪ್ರಕಾಶನದ್ದು ಇಂಗ್ಲಿಷ್‌ನಲ್ಲಿ. ಇಲಾಖೆಯಿಂದ ತಪಾಸಣೆಗೆ ಬರುವ ದಿನ ಎರಡನೇ ಪುಸ್ತಕ ಮನೆಯಲ್ಲಿ ಬಿಟ್ಟು ಬನ್ನಿ ಅನ್ನುತ್ತಿದ್ದರು. ಮಕ್ಕಳಿಗೆ ಅದು ಹಬ್ಬ, ಪಾಟಿಚೀಲ ಹಗುರ.

ಆ ನಾಲ್ಕು ವರ್ಷ ಅವಳು ಓದಿದ್ದೇ ಓದು. ಎರಡನೇ ತರಗತಿ ಮುಗಿಯೋದರೊಳಗೆ ಅಂಗಡಿ ಬೋರ್ಡ್, ಬಸ್ಸಿನ ಬೋರ್ಡ್, ಖಾರ ಕಟ್ಟಿಕೊಟ್ಟ ಪೇಪರ್ ತುಣುಕು, ಕಂಡದ್ದೆಲ್ಲ ಓದುತ್ತಿದ್ದಳು. ಕನ್ನಡದಲ್ಲಿ ಅಕ್ಷರ ಹೇಗೋ ಉಚ್ಚಾರವೂ ಹಾಗೇ ಅಲ್ವಾ, ಒಮ್ಮೆ ಕೂಡಿಸೋದು ಬಂದರೆ ಯಾವ ಪದವನ್ನೂ ಬಿಡಿಸಬಹುದು. ಆ ಧೈರ್ಯದಲ್ಲೇ ಇಂಗ್ಲಿಷ್ ಅಕ್ಷರಗಳನ್ನೂ ಕೂಡಿಸಿ ‘ಕ್ನೈಫ್’ ಅನ್ನುತ್ತಿದ್ದಳು. ಕೆ ಯಾಕೆ ಸುಮ್ನೆ ಕೂತಿದೆ ಅಂತ ಅವಳು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಐದನೇ ತರಗತಿ, 2018. ಇಲ್ಲಿ ಪೆಟ್ಟು ಬಿತ್ತು.

ಮೊದಲ ಗಣಿತ ಟೆಸ್ಟಿನಲ್ಲಿ 40ಕ್ಕೆ 11. ಮೂರು ಲೆಕ್ಕ ಖಾಲಿ ಬಿಟ್ಟಿದ್ದಳು. ನಾನು ಪೇಪರ್ ಹಿಡಿದು, ‘ಪೆರಿಮೀಟರ್ ಲೆಕ್ಕ ಯಾಕ ಬಿಟ್ಟಿ?’ ಅಂದೆ. ಸುಮ್ಮನೆ ನಿಂತಳು. ಆಯತದ ಚಿತ್ರ ಬರೆದು ಉದ್ದ, ಅಗಲ ಹಾಕಿ, ‘ಇದರ ಸುತ್ತಳತೆ ಎಷ್ಟು?’ ಅಂದೆ. ಪೆನ್ಸಿಲ್ಲೂ ಮುಟ್ಟದೆ ಬಾಯಲ್ಲೇ ಹೇಳಿದಳು. ಆಮೇಲೆ ನನ್ನ ಮುಖ ನೋಡಿ ಅಳು ಶುರು. ‘ಮಮ್ಮಿ, ಅದು ಸುತ್ತಳತೆ ಅಂತ ನನಗ ಯಾರೂ ಹೇಳಲೇ ಇಲ್ಲ.’

ಯಾರೂ ಹೇಳಿರಲಿಲ್ಲ. ಅದೇ ವಿಷಯ. ನಾಲ್ಕು ವರ್ಷ ಎರಡು ಪುಸ್ತಕ ಇದ್ದವು, ಆದರೆ ಎರಡರ ನಡುವೆ ಸೇತುವೆ ಹಾಕೋ ಕೆಲಸ ಯಾರ ಟೈಮ್‌ಟೇಬಲ್‌ನಲ್ಲೂ ಇರಲಿಲ್ಲ. ಏಪ್ರಿಲ್‌ನಲ್ಲಿ ‘ಭಿನ್ನರಾಶಿ’ ಆಗಿದ್ದದ್ದು ಜೂನ್‌ನಲ್ಲಿ ‘ಫ್ರಾಕ್ಷನ್’ ಆಗಿ ಎದುರು ನಿಂತರೆ, ಹತ್ತು ವರ್ಷದ ಮಗುವಿಗೆ ಇದು ಹಳೇ ಗೆಳೆಯ ಅಂತ ಹೇಗೆ ಗೊತ್ತಾಗಬೇಕು? ತರಗತಿಯ 38 ಮಕ್ಕಳಲ್ಲಿ ಅರ್ಧ ಮಕ್ಕಳ ಗತಿ ಇದೇ ಆಗಿತ್ತು. ಮುಖ್ಯಾಧ್ಯಾಪಕರ ಹತ್ತಿರ ಹೋದೆ. ‘ಟ್ಯೂಷನ್ ಹಚ್ರಿ’ ಅಂದರು.

ಟ್ಯೂಷನ್ ಹಚ್ಚಲಿಲ್ಲ. 200 ಪುಟದ ನೋಟ್‌ಬುಕ್ ತಂದು ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಸುತ್ತಳತೆ, ಪೆರಿಮೀಟರ್. ವಿಸ್ತೀರ್ಣ, ಏರಿಯಾ. ಛೇದ, ಡಿನಾಮಿನೇಟರ್. ಕನ್ನಡ ಪದ ನನಗೆ ಗೊತ್ತಿತ್ತು, ಇಂಗ್ಲಿಷ್ ಅವಳ ಪುಸ್ತಕದಲ್ಲಿತ್ತು. ದಿನಕ್ಕೆ ಐದು ಪದ. ಒಂದು ವಾರ ಆದ ಮೇಲೆ ಗೊತ್ತಾಯಿತು, ಎರಡು ಕಾಲಂ ಸಾಲೋದಿಲ್ಲ. ಪುಸ್ತಕದ ಕನ್ನಡವೇ ನಮ್ಮ ಮನೆಯ ಕನ್ನಡ ಅಲ್ಲ. ಇಂಗ್ಲಿಷ್‌ನಲ್ಲಿ ‘ಬ್ಲ್ಯಾಕ್ ಸಾಯಿಲ್’, ಪುಸ್ತಕದ ಕನ್ನಡದಲ್ಲಿ ‘ಕಪ್ಪು ಮಣ್ಣು’. ನಮ್ಮ ತವರಿನಲ್ಲಿ ಅದು ಎರಿ. ಮಳೆ ಬಿದ್ದರೆ ಕಾಲಿಗೆ ಮೆತ್ತಿ ಬಿಡದ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಎರಿ. ಮಗಳು ಅದರಲ್ಲಿ ಆಡಿ ಬಂದಿದ್ದಾಳೆ. ಆದರೆ ಪುಸ್ತಕದ ಕಪ್ಪು ಮಣ್ಣು ಬೇರೆ ಯಾವುದೋ ದೇಶದ್ದು ಅಂದುಕೊಂಡಿದ್ದಳು! ಮೂರನೇ ಕಾಲಂ ಎಳೆದೆ. ಅದಕ್ಕೆ ‘ಆಯಿ’ ಅಂತ ಅವಳೇ ಹೆಸರಿಟ್ಟಳು. ಮಣ್ಣಿನ ಸವಕಳಿ, ಸಾಯಿಲ್ ಎರೋಷನ್, ಆಯಿ: ‘ಮಣ್ಣು ಕೊಚ್ಚಿ ಹೋಗೂದು, ಅದಕ್ಕ ಒಡ್ಡು ಹಾಕ್ತಾರ.’ ದ್ಯುತಿಸಂಶ್ಲೇಷಣೆಗೆ ಮಾತ್ರ ಆಯಿಯ ಕಾಲಂ ಖಾಲಿ ಉಳಿಯಿತು. ಅದನ್ನು ಹೇಳೋಕೆ ಹೋಗಿ ಮೂವರಿಗೂ ನಾಲಿಗೆ ಹೊರಳಲಿಲ್ಲ. ಅಲ್ಲಿ ಇಂಗ್ಲಿಷೇ ವಾಸಿ.

ಆ ನೋಟ್‌ಬುಕ್ ಐದನೇ ತರಗತಿಯಲ್ಲಿ ಒಂದು, ಆರರಲ್ಲಿ ಇನ್ನೊಂದು ತುಂಬಿತು. ವರ್ಷದ ಕೊನೆಗೆ ಗಣಿತ 40ಕ್ಕೆ 31ಕ್ಕೆ ಬಂತು. ಈಗ ಸರಕಾರವೇ ತನ್ನ ಇಂಗ್ಲಿಷ್ ವಿಭಾಗದ ಚಿಕ್ಕ ಮಕ್ಕಳಿಗೆ ಕನ್ನಡ, ಇಂಗ್ಲಿಷ್ ಎರಡೂ ಇರುವ ದ್ವಿಭಾಷಾ ಪುಸ್ತಕ ಕೊಡುತ್ತಿದೆ. 2019-20ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ಶುರುವಾಯಿತಲ್ಲ, ಆಮೇಲಿನ ಮಾತು. ನಮ್ಮ ಓಣಿಯ ಹುಡುಗನ ಚೀಲದಲ್ಲಿ ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಫೀ ಕಟ್ಟಿದ್ದು ನಾವು, ಪುಸ್ತಕ ಸಿಕ್ಕಿದ್ದು ಅವನಿಗೆ.

ಆರನೇ ತರಗತಿಯಲ್ಲಿ ಇನ್ನೊಂದು ಹೊಸ ಪದ್ಧತಿ ಬಂತು. ಶಾಲೆಯ ಆವರಣದಲ್ಲಿ ಕನ್ನಡ ಮಾತಾಡಿದವರ ಕೈಗೆ ಒಂದು ಕಟ್ಟಿಗೆ ಬಿಲ್ಲೆ. ಅವರು ಇನ್ನೊಬ್ಬರನ್ನು ಹಿಡಿದು ದಾಟಿಸಬೇಕು. ಸಂಜೆ ಯಾರ ಹತ್ತಿರ ಉಳಿಯುತ್ತೋ ಅವರಿಗೆ ಐದು ರೂಪಾಯಿ ದಂಡ. ಮಗಳು ದಿನಾ ಐದು ರೂಪಾಯಿ ಕೇಳತೊಡಗಿದಳು. ಪೆಪ್ಪರಮಿಂಟಿಗೆ ಅಂದುಕೊಂಡು ಕೊಡುತ್ತಿದ್ದೆ. ಒಂದು ತಿಂಗಳಾದ ಮೇಲೆ ಗೊತ್ತಾಯಿತು. ಅವಳೂ ಅವಳ ಇಬ್ಬರು ಗೆಳತಿಯರೂ ಪಾಳಿ ಹಾಕಿಕೊಂಡಿದ್ದರು. ಊಟದ ಹೊತ್ತಿನಲ್ಲಿ ಮನಸಾರೆ ಕನ್ನಡದಲ್ಲಿ ಹರಟೆ, ಸಂಜೆ ಒಬ್ಬರು ದಂಡ ಕಟ್ಟೋದು. ಮಾತು ಕೊಂಡುಕೊಳ್ಳುತ್ತಿದ್ದರು! ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯಲಿಲ್ಲ. ಸಭೆಯಲ್ಲಿ ಕೇಳಿದ್ದಕ್ಕೆ, ‘ಇದೆಲ್ಲ ಮಕ್ಕಳ ಒಳ್ಳೇದಕ್ಕ ಮೇಡಂ’ ಅಂತ ಶುದ್ಧ ಹುಬ್ಬಳ್ಳಿ ಕನ್ನಡದಲ್ಲಿ ಹೇಳಿದರು. ಬಿಲ್ಲೆಯನ್ನು ನಿಲ್ಲಿಸಿದ್ದು ನಾವಲ್ಲ, ಕೊರೋನಾ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಪರೀಕ್ಷೆ ಇಲ್ಲದೆ ಏಳಕ್ಕೆ ಹೋದಳು.

ಏಳನೇ ತರಗತಿ ನಮ್ಮ ಅಡುಗೆಮನೆಯಲ್ಲಿ ನಡೆಯಿತು. ಮನೆಗೆ ಒಂದೇ ಸ್ಮಾರ್ಟ್‌ಫೋನ್, ನೆಟ್‌ವರ್ಕ್ ಸರಿಯಾಗಿ ಸಿಗುತ್ತಿದ್ದದ್ದು ಅಡುಗೆಮನೆ ಕಿಟಕಿಯಲ್ಲಿ. ಹೀಗೆ, ಎಂಟು ವರ್ಷ ಫೀ ಕಟ್ಟಿದ ಮೇಲೆ, ಒಳಗೆ ಏನು ನಡೆಯುತ್ತೆ ಅಂತ ಮೊದಲ ಸಲ ನನ್ನ ಕಿವಿಯಿಂದ ಕೇಳಿದೆ.

ವಿಜ್ಞಾನದ ಟೀಚರ್ ಒಬ್ಬರಿದ್ದರು. ಸ್ಕ್ರೀನ್ ಮೇಲೆ ಬರೆಯೋದೆಲ್ಲ ಇಂಗ್ಲಿಷ್. ಬಾಯಿ ಬಿಟ್ಟರೆ: ‘ನೋಡ್ರಿ ಮಕ್ಕಳ, ಆಸಿಡ್ ಅಂದ್ರ ಹುಳಿ. ಲಿಂಬಿಹಣ್ಣು, ಹುಣಸಿಹಣ್ಣು, ಮಜ್ಜಿಗಿ. ಬೇಸ್ ಅಂದ್ರ ಸೋಪಿನಂಥಾದ್ದು, ಕೈಗೆ ಜಾರತೈತಿ. ಯಾರ ಮನ್ಯಾಗ ಅರಿಷಿಣ ಐತಿ? ತೊಗೊಂಬರ್ರಿ.’ ಮಗಳು ಓಡಿ ಬಂದು ಡಬ್ಬಿ ತೆಗೆದಳು. ಹಳೇ ಬಟ್ಟೆಗೆ ಅರಿಷಿಣ ಹಚ್ಚಿ ಅದರ ಮೇಲೆ ಸೋಪಿನ ನೀರು ಹಾಕಿಸಿದರು. ಕೆಂಪಾಯಿತು. ‘ಇದಕ್ಕ ಇಂಡಿಕೇಟರ್ ಅಂತಾರ. ಕನ್ನಡದಾಗ ಸೂಚಕ. ಬರಕೋರಿ.’

ನಾನು ಬದನೆಕಾಯಿ ಹೆಚ್ಚೋದು ಬಿಟ್ಟು ನಿಂತೆ. ಹಬ್ಬ ಆದ ಮೇಲೆ ಸೀರೆಯ ಅರಿಷಿಣದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗೋದು ನಾನು ಎಷ್ಟು ಸಲ ನೋಡಿಲ್ಲ! ಕಲೆ ಇನ್ನೂ ಜಾಸ್ತಿ ಆಯಿತು ಅಂತ ಬೈದುಕೊಂಡಿದ್ದೇನೆಯೇ ಹೊರತು ಅದೊಂದು ಪಾಠ ಅಂತ ನನ್ನ ಹತ್ತಿರ ಯಾರೂ ಹೇಳಿರಲಿಲ್ಲ. ನಾನು ಕನ್ನಡ ಮಾಧ್ಯಮದಲ್ಲಿ ‘ಸೂಚಕ’ ಅಂತ ಬಾಯಿಪಾಠ ಮಾಡಿ ಪಾಸಾದವಳು.

ಎರಡು ಭಾಷೆಯ ಶಾಲೆ ಅಂದರೆ ಏನಿರಬಹುದು ಅಂತ ನನಗೆ ಕಂಡದ್ದು ಆ ಟೀಚರ್ ಹತ್ತಿರ ಮಾತ್ರ. ಅವರ ಪಾಠವನ್ನು ಇಲಾಖೆಯವರು ಕೇಳಿದ್ದರೆ ಇಂಗ್ಲಿಷ್ ಮಾಧ್ಯಮ ಅಲ್ಲ ಅನ್ನುತ್ತಿದ್ದರು. ಕನ್ನಡ ಹೋರಾಟದವರು ಬೋರ್ಡ್ ನೋಡಿದ್ದರೆ ಕನ್ನಡ ಮಾಧ್ಯಮ ಅಲ್ಲ ಅನ್ನುತ್ತಿದ್ದರು. ಶಾಲೆಯವರಂತೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಲೇ ಇರಲಿಲ್ಲ. ಪಾಲಕರ ಮುಂದೆ ‘ನಮ್ಮಲ್ಲಿ ಕಂಪ್ಲೀಟ್ ಇಂಗ್ಲಿಷ್’ ಅನ್ನೋರು.

ಎಂಟನೇ ತರಗತಿಗೆ ಅದೇ ಕಾಂಪೌಂಡಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗೋಕೆ ಟಿಸಿ ತಗೊಂಡು ಹೊಸದಾಗಿ ಅಡ್ಮಿಷನ್ ಮಾಡಿಸಬೇಕಾಯಿತು. ಪ್ರಾಥಮಿಕ ಬೇರೆ ಸಂಸ್ಥೆ, ಹೈಸ್ಕೂಲ್ ಬೇರೆ ಅಂತೆ, ದಾಖಲೆಯಲ್ಲಿ. ಅಡ್ಮಿಷನ್ ಫೀಯೂ ಬೇರೆ, ಅದು ಹೇಳಬೇಕಾಗಿಲ್ಲ. ರೈಲ್ವೆಯಿಂದ ಮಕ್ಕಳ ಶಿಕ್ಷಣ ಭತ್ಯೆ 2017ರಿಂದ ಒಂದು ಮಗುವಿಗೆ ತಿಂಗಳಿಗೆ 2,250 ರೂಪಾಯಿ ಬರುತ್ತಿತ್ತು. ಅದಿಲ್ಲದಿದ್ದರೆ ನಾವು ಆಗಲೇ ಶಾಲೆ ಬದಲಿಸುತ್ತಿದ್ದೆವು. ಆ ಟಿಸಿಯಲ್ಲಿ ಒಂದರಿಂದ ನಾಲ್ಕು ಕನ್ನಡ, ಐದರಿಂದ ಏಳು ಇಂಗ್ಲಿಷ್ ಅಂತ ಸರಿಯಾಗಿ ಬರೆದಿದ್ದಾರಾ ನೋಡಿಕೊಂಡೆ. ನೀವೂ ನೋಡಿಕೊಳ್ಳಿ. ಶಾಲೆಯ ಬೋರ್ಡ್ ಏನೇ ಹೇಳಲಿ, ಇಲಾಖೆಯ ದಾಖಲೆಯಲ್ಲಿ ಮಗುವಿನ ಮಾಧ್ಯಮ ಏನಂತ ಇದೆ ಅನ್ನೋದನ್ನು ಒಂದನೇ ತರಗತಿಯಲ್ಲೇ ಕೇಳಿ ಬರೆಸಿಕೊಳ್ಳಿ.

ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಆರಿಸಬೇಕಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಹಾಗಾಗಿ ಪ್ರಥಮ ಭಾಷೆ ಅಂದರೆ ಎಲ್ಲರಿಗೂ ಅಂಕದ ಲೆಕ್ಕ. ‘ಸಂಸ್ಕೃತ ಕೊಡಿಸ್ರಿ, 125ಕ್ಕ 125 ಬೀಳತೈತಿ’ ಅಂತ ನಾಲ್ಕು ಜನ ಹೇಳಿದರು. ಸಂಸ್ಕೃತ ಕಲಿಯಬೇಕು ಅಂತ ತಗೊಳ್ಳೋರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮನೆಯಲ್ಲಿ ಯಾರೂ ಅದರ ಒಂದು ಸಾಲು ಓದದೆ, ಬರೀ ಅಂಕಕ್ಕೆ ಅಂತ ಕನ್ನಡವನ್ನು ಮೂರನೇ ಜಾಗಕ್ಕೆ ತಳ್ಳೋದು ನನಗೆ ಸರಿ ಅನಿಸಲಿಲ್ಲ. ಮಗಳನ್ನೇ ಕೇಳಿದೆವು. ‘ಕನ್ನಡ ಇರಲಿ. ಒಂದು ಪೇಪರರೆ ಆರಾಮ ಬರೀತೀನಿ’ ಅಂದಳು.

ಆರಾಮ ಏನೂ ಆಗಲಿಲ್ಲ. ಹಳಗನ್ನಡ, ಛಂದಸ್ಸು, ಪ್ರಸ್ತಾರ ಹಾಕೋದು. ಐದನೇ ತರಗತಿಯಿಂದ ಕನ್ನಡದಲ್ಲಿ ಬರೆದದ್ದೇ ಕಡಿಮೆ, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಕಲಸಿಹೋಗಿತ್ತು. ‘ವಿದ್ಯಾರ್ಥಿ’ಯ ಥ ಒಮ್ಮೆ ಸರಿ, ಒಮ್ಮೆ ತಪ್ಪು. ಇತ್ತ ವಿಜ್ಞಾನವನ್ನು ಕನ್ನಡದಲ್ಲಿ ಕೇಳಿದರೆ ಚಂದ ಬಿಡಿಸಿ ಹೇಳುತ್ತಿದ್ದಳು, ಇಂಗ್ಲಿಷ್‌ನಲ್ಲಿ ಬರೆಯುವಾಗ ನೋಟ್ಸಿನ ಸಾಲು ಹಾಗ್ಹಾಗೇ. ಒಂದು ಪದ ಮರೆತರೆ ಇಡೀ ಉತ್ತರ ನಿಂತುಹೋಗೋದು. ಎರಡು ದೋಣಿಯಲ್ಲಿ ಕಾಲಿಟ್ಟಳಲ್ಲ ಅಂತ ಒಂಬತ್ತನೇ ತರಗತಿಯಲ್ಲಿ ನಾನು ಬಹಳ ಅಂಜಿದ್ದೆ. ಆಗ ಹಳೇ ಮೂರು ಕಾಲಂ ನೋಟ್‌ಬುಕ್ ಅವಳೇ ಹುಡುಕಿ ತೆಗೆದಳು. ಈ ಸಲ ಪದ ಅಲ್ಲ, ವಾಕ್ಯ. ಮೊದಲು ತನ್ನ ಮಾತಿನಲ್ಲಿ ಕನ್ನಡದಲ್ಲಿ ಎರಡು ಸಾಲು, ಪಕ್ಕದಲ್ಲಿ ಅದನ್ನೇ ತನ್ನದೇ ಇಂಗ್ಲಿಷ್‌ನಲ್ಲಿ. ತಪ್ಪು ಇಂಗ್ಲಿಷೇ, ಆದರೆ ಅವಳದ್ದು. ಆ ವಿಜ್ಞಾನದ ಟೀಚರ್ ಕೆಂಪು ಪೆನ್ನಿನಲ್ಲಿ ತಿದ್ದಿಕೊಡುತ್ತಿದ್ದರು. ಅದಕ್ಕೆ ಅವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ 2024ರಲ್ಲಿ. ವರ್ಷಕ್ಕೆ ಮೂರು ಪರೀಕ್ಷೆ ಅನ್ನೋ ಪದ್ಧತಿ ಶುರುವಾದ ವರ್ಷ, ಕೊಠಡಿಯಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟ್ ಮಾಡಿದ ವರ್ಷ. ಮಾರ್ಚ್ 25, ಮೊದಲ ದಿನವೇ ಪ್ರಥಮ ಭಾಷೆ. ‘ಕುತ್ತಿಗಿ ನೋವಾದ್ರೂ ತಿರುಗಿಸ್ಲಿಲ್ಲ ಮಮ್ಮಿ’ ಅಂತ ಹೊರಗೆ ಬಂದಳು. ಮೇ 9ಕ್ಕೆ ಫಲಿತಾಂಶ. ರಾಜ್ಯದ್ದು ಹಿಂದಿನ ವರ್ಷ 83.89% ಇದ್ದದ್ದು 73.40%ಕ್ಕೆ ಇಳಿದಿತ್ತು, ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ. ಇವಳದು 554. ಕನ್ನಡ 121, ಇಂಗ್ಲಿಷ್ 88, ಗಣಿತ 84, ವಿಜ್ಞಾನ 79. ಸಂಸ್ಕೃತ ಹೇಳಿದ್ದ ನಾಲ್ವರಲ್ಲಿ ಒಬ್ಬರು ಫೋನ್ ಮಾಡಿ, ‘ನಾಲ್ಕು ಮಾರ್ಕ್ಸ್ ಹೋತಲ್ರಿ’ ಅಂದರು. ಹೋಯಿತು.

ಲೈನ್ ಬಜಾರದಿಂದ ಪೇಡೆ ತಂದು ಆ ಟೀಚರ್ ಮನೆಗೆ ಹೋದೆವು. ಅವರ ಮಗ ಬೇರೆ ಶಾಲೆಯಲ್ಲಿ ಓದುತ್ತಿದ್ದ. ಸಿಬಿಎಸ್‌ಇ, ಪೂರ್ತಿ ಇಂಗ್ಲಿಷ್. ನಾನೇನೂ ಕೇಳಲಿಲ್ಲ. ಅವರೇ ಹೇಳಿದರು, ‘ನಮ್ಮ ಮನ್ಯಾಗ ನನ್ನ ಮಾತು ನಡೀಲಿಲ್ರಿ.’

ನನಗೂ ಒಬ್ಬ ಮಗ ಇದ್ದಾನೆ. 2019ರಲ್ಲಿ ಅದೇ ಶಾಲೆಯಲ್ಲಿ ಒಂದನೇ ತರಗತಿ, ನಾವೇ ಕೈ ಎತ್ತಿ ತಂದ ಪೂರ್ತಿ ಇಂಗ್ಲಿಷ್. ಅವನಿಗೆ ಐದನೇ ತರಗತಿಯ ಪೆಟ್ಟು ಬೀಳಲಿಲ್ಲ. ಇಂಗ್ಲಿಷ್‌ನಲ್ಲಿ ಅಕ್ಕನಿಗಿಂತ ಜೋರು. ಆದರೆ ಕಳೆದ ವಾರ ಗಾಡಿಯವನು ‘ಎಪ್ಪತ್ತೊಂಬತ್ತು ಕೊಡ್ರಿ’ ಅಂದಾಗ ನನ್ನ ಕಡೆ ತಿರುಗಿ ‘ಅಂದ್ರ ಎಷ್ಟು ಮಮ್ಮಿ?’ ಅಂದ. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. ಆದರೂ ಹೀಗೆ. ಗಾಡಿಯವನು ನಗಲಿಲ್ಲ. ‘ಸೆವೆಂಟಿ ನೈನ್ ತಮ್ಮಾ’ ಅಂದ. ಅವನಿಗೆ ಅಭ್ಯಾಸವಾಗಿದೆ.

ಈಗ ರಾತ್ರಿ ಊಟ ಆದ ಮೇಲೆ ಅಕ್ಕ ಅವನಿಗೆ ಮಗ್ಗಿ ಹೇಳಿಸುತ್ತಾಳೆ. ಪಿಯುಸಿ ವಿಜ್ಞಾನ ಓದುವವಳು ಇವತ್ತಿಗೂ ಫಿಸಿಕ್ಸ್ ಲೆಕ್ಕ ಮಾಡುವಾಗ ಬಾಯೊಳಗೇ ‘ಏಳೆಂಟ್ಲೆ ಐವತ್ತಾರು’ ಅಂದುಕೊಳ್ಳುತ್ತಾಳೆ. ಅವನು ಎಡವಿದರೆ ಒಳಗಿನ ಕೋಣೆಯಿಂದ ಆಯಿ ತಿದ್ದುತ್ತಾರೆ.

ಮುಂದಿನ ವರ್ಷ ಅವನೂ ಎಂಟನೇ ತರಗತಿ. ಶಾಲೆಯಿಂದ ಫಾರ್ಮ್ ಬಂದಿದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ 2017-18ರಿಂದ ಒಂದೊಂದೇ ತರಗತಿಗೆ ಬಂದದ್ದರಿಂದ ಇವನ ಬ್ಯಾಚಿಗೆ ಕನ್ನಡ ಮೊದಲನೆಯದೋ ಎರಡನೆಯದೋ ಆಗಿರಲೇಬೇಕು. ಅವನಿಗೆ ಇಂಗ್ಲಿಷ್ ಪ್ರಥಮ ಬೇಕು. ‘ಕನ್ನಡದಾಗ ಒತ್ತಕ್ಷರ ಭಾಳ ಅದಾವು’ ಅಂತ ಅವನ ವಾದ. ಇವರು ‘ಅವನಿಗೆ ಬಿಡು’ ಅನ್ನುತ್ತಾರೆ. ಫಾರ್ಮ್ ಫ್ರಿಡ್ಜಿನ ಮೇಲಿದೆ, ಆ ಒಂದು ಚೌಕ ಬಿಟ್ಟು ಉಳಿದದ್ದೆಲ್ಲ ತುಂಬಿದ್ದೇನೆ. ಶನಿವಾರ ಕೊಡಬೇಕು.